ಅಲ್ಪಸಂಖ್ಯಾತ ಕಾಲೇಜುಗಳು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ರಿಸಲ್ಟ್ ಬಂತು ಅಂದರೆ ನಮ್ಮ ಕಡೆ ಪಾಲಕರ ಓಡಾಟ ಶುರು. ಕುಂದಗೋಳ, ಕಲಘಟಗಿ, ಸವಣೂರು, ಲಕ್ಷ್ಮೇಶ್ವರದಿಂದ ಬಸ್ ಹತ್ತಿ ಹುಬ್ಬಳ್ಳಿ, ಧಾರವಾಡಕ್ಕೆ ಬರುತ್ತಾರೆ. ಫೈಲು ಹಿಡಿದುಕೊಂಡು ಕಾಲೇಜಿನಿಂದ ಕಾಲೇಜಿಗೆ ಅಲೆಯುತ್ತಾರೆ. "ಇದು ಮೈನಾರಿಟಿ ಕಾಲೇಜಂತ್ರೀ, ನಮ್ಮ ಹುಡುಗಗ ಸೀಟ್ ಕೊಡ್ತಾರೇನ್ರೀ?" ಅಂತ ಒಬ್ಬರು ಕೇಳಿದರೆ, "ನಮ್ಮ ಮಂದಿ ಕಾಲೇಜಲ್ರೀ, ಫೀ ಯಾಕ ತಗೋತಾರ?" ಅಂತ ಇನ್ನೊಬ್ಬರು ಕೇಳುತ್ತಾರೆ. ಈ ಕಾಲೇಜುಗಳ ಬಗ್ಗೆ ಗಾಳಿಮಾತು ಜಾಸ್ತಿ, ಸರಿಯಾದ ಮಾಹಿತಿ ಕಡಿಮೆ. ಆಫೀಸ್ ಕಿಟಕಿಯಲ್ಲಿ ಇಷ್ಟೆಲ್ಲ ವಿವರಿಸಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಅಲ್ಪಸಂಖ್ಯಾತ ಕಾಲೇಜು ಅಂದರೆ ಯಾವುದು?

ಸಂವಿಧಾನದ 30ನೇ ವಿಧಿ ಒಂದು ಹಕ್ಕು ಕೊಟ್ಟಿದೆ. ಧರ್ಮದಿಂದ ಅಥವಾ ಭಾಷೆಯಿಂದ ಅಲ್ಪಸಂಖ್ಯಾತರಾದವರು ತಮಗೆ ಬೇಕಾದ ಶಿಕ್ಷಣ ಸಂಸ್ಥೆ ಕಟ್ಟಬಹುದು, ಅದನ್ನು ತಾವೇ ನಡೆಸಬಹುದು. ಹಾಗೆ ಕಟ್ಟಿ, ನಡೆಸಿ, ಮಾನ್ಯತೆ ಪಡೆದದ್ದು ಅಲ್ಪಸಂಖ್ಯಾತ ಸಂಸ್ಥೆ.

ಇದನ್ನು ನಿರ್ಧರಿಸುವಾಗ ಮೊದಲು ನೋಡುವುದು ಯಾರು ಕಟ್ಟಿದರು, ಯಾರು ನಡೆಸುತ್ತಾರೆ ಅನ್ನೋದನ್ನು. ತರಗತಿಯಲ್ಲಿ ಬೇರೆಯವರೂ ಕೂತಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಈ ಗುರುತು ಹೋಗುವುದಿಲ್ಲ. ಬಹಳ ಜನ ಇದನ್ನು ತಲೆಕೆಳಗು ಮಾಡಿ ತಿಳಿದಿರುತ್ತಾರೆ.

ಧರ್ಮದ ಲೆಕ್ಕದಲ್ಲಿ ಕೇಂದ್ರ ಸರ್ಕಾರ ಗುರುತಿಸಿದ್ದು ಆರು ಸಮುದಾಯಗಳನ್ನು: ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ ಮತ್ತು ಜೈನ. ಜೈನರು ರಾಷ್ಟ್ರಮಟ್ಟದ ಪಟ್ಟಿಗೆ ಸೇರಿದ್ದು 2014ರಲ್ಲಿ. ಭಾಷೆಯ ಲೆಕ್ಕ ಬೇರೆ. ಅಲ್ಪಸಂಖ್ಯಾತರು ಯಾರು ಅನ್ನೋದನ್ನು ರಾಜ್ಯವಾರು ನೋಡಬೇಕು ಅಂತ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿತು. ಅದು ಟಿ.ಎಂ.ಎ. ಪೈ ಪ್ರತಿಷ್ಠಾನದ ಕೇಸು, ನಮ್ಮ ರಾಜ್ಯದ್ದೇ. ಆ ಪ್ರಕಾರ ಕರ್ನಾಟಕದಲ್ಲಿ ಮರಾಠಿ, ಉರ್ದು, ತೆಲುಗು ಮಾತಾಡುವವರು ಭಾಷಾ ಅಲ್ಪಸಂಖ್ಯಾತರು. ಸೊಲ್ಲಾಪುರದಲ್ಲೋ ಮುಂಬೈಯಲ್ಲೋ ಕನ್ನಡಿಗರು ಕಾಲೇಜು ಕಟ್ಟಿದರೆ ಅಲ್ಲಿ ಅವರಿಗೂ ಇದೇ ಹಕ್ಕು. ಇದು ಯಾವುದೋ ಒಂದು ಧರ್ಮದವರಿಗೆ ಕೊಟ್ಟ ರಿಯಾಯಿತಿ ಅನ್ನುವವರು ಈ ಮಾತನ್ನು ನೆನಪಿಡಬೇಕು.

ನಮ್ಮ ಕಡೆ ಇಂಥ ಸಂಸ್ಥೆಗಳು ಯಾವಾಗಿನಿಂದ ಇವೆ?

ವಿಶ್ವವಿದ್ಯಾಲಯ ಬರುವುದಕ್ಕಿಂತ ಎಷ್ಟೋ ಮೊದಲಿಂದ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಆಮೇಲೆ 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ. ಅವರು ಬಂದದ್ದು ಧರ್ಮಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಜೊತೆಗೇ ಶಾಲೆ ತೆರೆದರು, ಕನ್ನಡದಲ್ಲಿ ಪುಸ್ತಕ ಅಚ್ಚು ಹಾಕಿದರು. ಅದೇ ಮಿಷನ್‌ನ ಫರ್ಡಿನಂಡ್ ಕಿಟೆಲ್ ವರ್ಷಗಟ್ಟಲೆ ದುಡಿದು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂತು. ಧಾರವಾಡದ ಕಿಟೆಲ್ ಕಾಲೇಜಿಗೆ ಅವರದೇ ಹೆಸರು.

ಮುಸ್ಲಿಂ ಸಮುದಾಯದ ಕಡೆಯಿಂದ ಹುಬ್ಬಳ್ಳಿಯಲ್ಲಿ ಒಂದು, ಧಾರವಾಡದಲ್ಲಿ ಒಂದು ಅಂಜುಮನ್ ಸಂಸ್ಥೆ ಇದೆ. ಹುಬ್ಬಳ್ಳಿಯ ನೆಹರೂ ಕಾಲೇಜು, ಧಾರವಾಡದ ಅಂಜುಮನ್ ಕಾಲೇಜು ಈ ಎರಡು ಸಂಸ್ಥೆಗಳ ಕೂಸುಗಳು. ಊರಿನ ವ್ಯಾಪಾರಿಗಳು, ವಕೀಲರು, ಸಣ್ಣ ಅಂಗಡಿಯವರು ಸೇರಿಸಿದ ದುಡ್ಡಿನಿಂದ ಬೆಳೆಯುವ ಸಂಸ್ಥೆಗಳು ಇವು. ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ಅದಕ್ಕೆ ಮೊದಲು ಈ ಸೀಮೆಯ ಹುಡುಗರು ಪದವಿ ಪರೀಕ್ಷೆ ಬರೆಯುತ್ತಿದ್ದದ್ದು ಮುಂಬೈ ವಿಶ್ವವಿದ್ಯಾಲಯದ ಕೆಳಗೆ. ಅಷ್ಟು ದೂರದ ಓದನ್ನು ಊರಿಗೆ ತಂದವರಲ್ಲಿ ಲಿಂಗಾಯತರು, ಬ್ರಾಹ್ಮಣರು, ಮುಸ್ಲಿಮರು, ಕ್ರೈಸ್ತರು, ಜೈನರು ಎಲ್ಲರೂ ಇದ್ದಾರೆ. ಧಾರವಾಡಕ್ಕೆ ವಿದ್ಯಾಕಾಶಿ ಅನ್ನುವ ಹೆಸರು ಒಬ್ಬರಿಂದ ಬಂದದ್ದಲ್ಲ.

ಕೆಎಲ್‌ಇ ಕೂಡ ಅಲ್ಪಸಂಖ್ಯಾತ ಸಂಸ್ಥೆನಾ?

ಅಲ್ಲ. ಕೆಎಲ್‌ಇ ಸೊಸೈಟಿ ಲಿಂಗಾಯತ ಸಮುದಾಯದವರು 1916ರಲ್ಲಿ ಬೆಳಗಾವಿಯಲ್ಲಿ ಶುರು ಮಾಡಿದ್ದು. ಲಿಂಗಾಯತರಿಗೆ ಪ್ರತ್ಯೇಕ ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನ ಕೊಡಬೇಕು ಅಂತ ರಾಜ್ಯ ಸರ್ಕಾರ 2018ರ ಮಾರ್ಚ್‌ನಲ್ಲಿ ಕೇಂದ್ರಕ್ಕೆ ಶಿಫಾರಸು ಮಾಡಿತ್ತು. ಕೇಂದ್ರ ಅದನ್ನು ಒಪ್ಪಲಿಲ್ಲ. ಹಾಗಾಗಿ ಲಿಂಗಾಯತ ಮಠಗಳ, ಸೊಸೈಟಿಗಳ ಕಾಲೇಜುಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ನಾವು ಆ ಧರ್ಮದವರಲ್ಲ. ನಮ್ಮ ಮಗಳಿಗೆ ಸೀಟ್ ಕೊಡ್ತಾರಾ?

ಕೊಡುತ್ತಾರೆ. ಧೈರ್ಯವಾಗಿ ಅರ್ಜಿ ಹಾಕಿ.

ಸರ್ಕಾರದ ಅನುದಾನ ಪಡೆಯುವ ಯಾವ ಕಾಲೇಜೂ ಬರೀ ಧರ್ಮ, ಜಾತಿ, ಭಾಷೆ ನೋಡಿ ಯಾರಿಗೂ ಪ್ರವೇಶ ಇಲ್ಲ ಅನ್ನುವಂತಿಲ್ಲ. ಅದು ಸಂವಿಧಾನದ 29ನೇ ವಿಧಿಯ ಎರಡನೇ ಭಾಗ. ತಮ್ಮ ಸಮುದಾಯದ ಮಕ್ಕಳಿಗೆ ಒಂದಷ್ಟು ಸೀಟು ತೆಗೆದಿಡುವ ಹಕ್ಕು ಅವರಿಗಿದೆ, ಉಳಿದದ್ದು ಎಲ್ಲರಿಗೆ. ಎಂಜಿನಿಯರಿಂಗ್, ಮೆಡಿಕಲ್‌ನಂಥ ಕೋರ್ಸುಗಳಲ್ಲಿ ಈ ಹಂಚಿಕೆಗೆ ಮಹತ್ವ ಜಾಸ್ತಿ. ಸಿಇಟಿ ಕೌನ್ಸೆಲಿಂಗ್ ಸಮಯದಲ್ಲಿ ಪರೀಕ್ಷಾ ಪ್ರಾಧಿಕಾರ ಹಾಕುವ ಸೀಟ್ ಮ್ಯಾಟ್ರಿಕ್ಸ್‌ನಲ್ಲಿ ಪ್ರತಿ ಕಾಲೇಜಿನ ಲೆಕ್ಕ ಇರುತ್ತದೆ. ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದಕ್ಕೆ ಮೊದಲು ಅದನ್ನೊಮ್ಮೆ ನೋಡಿ. ಬಿ.ಎ., ಬಿ.ಕಾಂ., ಬಿ.ಎಸ್ಸಿ.ಯಲ್ಲಿ ಇಷ್ಟು ತಲೆಬಿಸಿ ಇರುವುದಿಲ್ಲ. ಎಷ್ಟೋ ಸಲ ಸೀಟು ತುಂಬುವುದೇ ಕಾಲೇಜಿಗೆ ಕಷ್ಟ.

ಹಾಗಾದರೆ 2ಬಿ ಅಂದರೆ ಅಲ್ಪಸಂಖ್ಯಾತ ಸೀಟೇ ತಾನೆ?

ಅಲ್ಲ, ಇವೆರಡನ್ನೂ ಕಲಸಬೇಡಿ. ಅರ್ಜಿ ತುಂಬುವಾಗ ಬಹಳ ಜನ ಇಲ್ಲೇ ಎಡವುತ್ತಾರೆ.

2ಬಿ ಅನ್ನೋದು ರಾಜ್ಯದ ಹಿಂದುಳಿದ ವರ್ಗಗಳ ಮೀಸಲಾತಿಯ ಒಂದು ಪ್ರವರ್ಗ. ಅದರಲ್ಲಿ ಮುಸ್ಲಿಮರಿಗೆ ಶೇ. 4 ಇದೆ. ಸರ್ಕಾರಿ ಕೋಟಾದ ಸೀಟುಗಳಿಗೆ ಅದು ಅನ್ವಯ. ಅಲ್ಪಸಂಖ್ಯಾತ ಕೋಟಾ ಅನ್ನೋದು ಅಲ್ಪಸಂಖ್ಯಾತ ಸಂಸ್ಥೆಯ ಒಳಗೆ ಆ ಸಮುದಾಯಕ್ಕೆ ಇಟ್ಟ ಸೀಟು. ಒಂದಕ್ಕೆ ತಹಶೀಲ್ದಾರರ ಜಾತಿ-ಆದಾಯ ಪ್ರಮಾಣಪತ್ರ ಬೇಕು. ಇನ್ನೊಂದಕ್ಕೆ ಆ ಸಮುದಾಯಕ್ಕೆ ಸೇರಿದವರು ಅನ್ನುವ ದಾಖಲೆ ಬೇಕು. ಒಬ್ಬನೇ ವಿದ್ಯಾರ್ಥಿ ಎರಡಕ್ಕೂ ಅರ್ಹನಾಗಿರಬಹುದು.

ನಮ್ಮ ಮೂರೂ ಜಿಲ್ಲೆಗಳಲ್ಲಿ ನದಾಫ, ಪಿಂಜಾರ ಕುಟುಂಬಗಳು ಬಹಳ ಇವೆ. ಅವರು ಬರುವುದು ಪ್ರವರ್ಗ 1ರಲ್ಲಿ, 2ಬಿಯಲ್ಲಿ ಅಲ್ಲ. "ಮುಸ್ಲಿಂ ಅಂದ್ರ 2ಬಿ" ಅಂತ ಯಾರೋ ಹೇಳಿದ್ದನ್ನೇ ನಂಬಿ ಸರ್ಟಿಫಿಕೇಟ್ ಮಾಡಿಸಿದರೆ ಮಗುವಿನ ಪಾಲಿನ ಸೌಲಭ್ಯ ತಪ್ಪಿಹೋಗುತ್ತದೆ. ನಾಡಕಚೇರಿಗೆ ಹೋಗುವ ಮೊದಲೇ ವಿಚಾರಿಸಿ. ಕ್ರೈಸ್ತರು, ದಿಗಂಬರ ಜೈನರು 3ಬಿಯಲ್ಲಿದ್ದಾರೆ. ಪರಿಶಿಷ್ಟ ಜಾತಿಯಿಂದ ಮತಾಂತರವಾದ ಕ್ರೈಸ್ತರ ಲೆಕ್ಕ ಬೇರೆ, ಅವರು ಪ್ರವರ್ಗ 1ರಲ್ಲಿ ಬರುತ್ತಾರೆ.

ಈ ಕಾಲೇಜುಗಳಲ್ಲಿ ಎಸ್‌ಸಿ, ಎಸ್‌ಟಿ ಮೀಸಲಾತಿ ಇರುತ್ತಾ?

ಖಾಸಗಿ ಕಾಲೇಜುಗಳಲ್ಲೂ ಮೀಸಲಾತಿ ತರಲು ಸರ್ಕಾರಕ್ಕೆ ಅಧಿಕಾರ ಕೊಡುವ 15(5)ನೇ ವಿಧಿ 93ನೇ ತಿದ್ದುಪಡಿಯಿಂದ ಬಂತು. ಅದರಲ್ಲೇ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಹೊರಗಿಟ್ಟಿದ್ದಾರೆ. ಅಂದರೆ ಮೀಸಲಾತಿ ಕೊಡಲೇಬೇಕು ಅಂತ ಈ ವಿಧಿಯ ಹೆಸರಲ್ಲಿ ಅವರನ್ನು ಒತ್ತಾಯಿಸಲು ಬರುವುದಿಲ್ಲ.

ಆದರೆ ಸೇರಿಸಿಕೊಳ್ಳಬೇಡಿ ಅಂತ ಯಾವ ಕಾನೂನೂ ಹೇಳಿಲ್ಲ. ದಲಿತ ವಿದ್ಯಾರ್ಥಿ ಇಂಥ ಕಾಲೇಜಿಗೆ ಸೇರಿದರೆ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಅಡ್ಡಿಯಿಲ್ಲ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮೀಸಲಾತಿಯ ಹೊಣೆ ತಪ್ಪಿಸಿಕೊಳ್ಳಲಿಕ್ಕೇ ಅಲ್ಪಸಂಖ್ಯಾತ ಬೋರ್ಡು ಹಾಕುವ ಮ್ಯಾನೇಜ್‌ಮೆಂಟ್‌ಗಳು ಇದ್ದರೆ, ಅವು ಆ ಹಕ್ಕಿಗೇ ಕೆಟ್ಟ ಹೆಸರು ತರುತ್ತವೆ. ಹಿಂದೆ ಉಳಿದವರನ್ನು ಮೇಲೆತ್ತಲು ಕೊಟ್ಟ ಹಕ್ಕು ಇದು. ಅದನ್ನು ಹಿಡಿದುಕೊಂಡು ಇನ್ನೊಬ್ಬ ಬಡವನಿಗೆ ಬಾಗಿಲು ಹಾಕುವುದು ಸರಿಯಲ್ಲ, ಅಲ್ವಾ? ಮಿಷನ್ ಶಾಲೆಗಳ ಒಳ್ಳೆಯ ಕಾಲದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತರು. ಆ ದಾರಿಯನ್ನು ಇವತ್ತಿನ ಮ್ಯಾನೇಜ್‌ಮೆಂಟ್‌ಗಳು ಬಿಡಬಾರದು.

ಸರ್ಕಾರದ ದುಡ್ಡು ತಗೊಂಡ ಮೇಲೆ ಸ್ವಂತ ಆಡಳಿತ ಯಾಕೆ?

ಅಲ್ಪಸಂಖ್ಯಾತರದು ಅನ್ನುವ ಕಾರಣಕ್ಕೆ ಅನುದಾನದಲ್ಲಿ ಭೇದ ಮಾಡಬಾರದು ಅಂತ 30(2)ನೇ ವಿಧಿ ಹೇಳುತ್ತದೆ. ಅನುದಾನ ಪಡೆದ ಮಾತ್ರಕ್ಕೆ ಆಡಳಿತದ ಹಕ್ಕು ಹೋಗುವುದಿಲ್ಲ. ಹಾಗಂತ ಮನಸ್ಸಿಗೆ ಬಂದ ಹಾಗೆ ನಡೆಸುವ ಹಕ್ಕೂ ಇಲ್ಲ. ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1958ರಷ್ಟು ಹಿಂದೆಯೇ, ಕೇರಳದ ಶಿಕ್ಷಣ ಮಸೂದೆಯ ವಿಷಯದಲ್ಲಿ ಹೇಳಿತು. ಲೆಕ್ಕಪತ್ರ, ಉಪನ್ಯಾಸಕರ ಅರ್ಹತೆ, ಪರೀಕ್ಷೆ, ಕಟ್ಟಡದ ಸುರಕ್ಷತೆ ಇವೆಲ್ಲಕ್ಕೂ ಎಲ್ಲರಿಗಿರುವ ನಿಯಮವೇ ಇವರಿಗೂ.

ಡೊನೇಷನ್ ಕೇಳಿದರೆ ಏನು ಮಾಡೋದು?

ಕೊಡಬೇಡಿ. ಅಲ್ಪಸಂಖ್ಯಾತ ಸಂಸ್ಥೆಗೂ ಈ ವಿಷಯದಲ್ಲಿ ವಿನಾಯಿತಿ ಇಲ್ಲ. ಕರ್ನಾಟಕದಲ್ಲಿ ಕ್ಯಾಪಿಟೇಷನ್, ಅಂದರೆ ಡೊನೇಷನ್ ನಿಷೇಧ ಕಾಯ್ದೆ 1984ರಿಂದ ಇದೆ. ಇನಾಮ್‌ದಾರ್ ಕೇಸಿನ 2005ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದೇ ಮಾತನ್ನು ಮತ್ತೆ ಹೇಳಿತು: ಪ್ರವೇಶ ಪಾರದರ್ಶಕವಾಗಿರಬೇಕು, ಮೆರಿಟ್ ನೋಡಬೇಕು, ಶಿಕ್ಷಣವನ್ನು ಲಾಭದ ದಂಧೆ ಮಾಡಬಾರದು.

ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ. "ನಮ್ಮ ಸಮಾಜದ ಕಾಲೇಜು, ಸುಮ್ನೆ ಕೊಡ್ರಿ" ಅನ್ನುವ ಮಾತಿಗೆ ಮಣಿಯಬೇಡಿ. ಇನ್ನೊಂದು ವಿಷಯ. ಒಂದೇ ಕಾಲೇಜಿನಲ್ಲಿ ಅನುದಾನಿತ ವಿಭಾಗ, ಅನುದಾನರಹಿತ ವಿಭಾಗ ಎರಡೂ ಇರಬಹುದು. ಎರಡರ ಫೀಯಲ್ಲಿ ಬಹಳ ವ್ಯತ್ಯಾಸ ಇರುತ್ತದೆ. ನಿಮ್ಮ ಮಗುವಿಗೆ ಸಿಕ್ಕಿದ್ದು ಯಾವುದು ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ.

ಕಾಲೇಜಿಗೆ ಈ ಗುರುತು ಕೊಡೋದು ಯಾರು?

ರಾಜ್ಯ ಸರ್ಕಾರದ ಸಕ್ಷಮ ಪ್ರಾಧಿಕಾರ ಕೊಡಬಹುದು. ರಾಷ್ಟ್ರೀಯ ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳ ಆಯೋಗಕ್ಕೂ ಅರ್ಜಿ ಹಾಕಬಹುದು. ಆ ಆಯೋಗ 2004ರ ಕಾಯ್ದೆಯಿಂದ ಬಂದದ್ದು, ದೆಹಲಿಯಲ್ಲಿದೆ. ಟ್ರಸ್ಟ್ ಡೀಡ್, ಸದಸ್ಯರ ಪಟ್ಟಿ, ಸಂಸ್ಥೆಯ ಉದ್ದೇಶ ಎಲ್ಲ ನೋಡುತ್ತಾರೆ.

ಇದರಲ್ಲಿ ಹೊಸ ಬೆಳವಣಿಗೆ ಅಂದರೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಕೇಸು. ಆ ವಿಶ್ವವಿದ್ಯಾಲಯ 1920ರ ಕಾಯ್ದೆಯಿಂದ ಹುಟ್ಟಿದ್ದು, ಹಾಗಾಗಿ ಅದನ್ನು ಮುಸ್ಲಿಮರು ಸ್ಥಾಪಿಸಿದ್ದು ಅನ್ನಲಾಗದು ಅಂತ 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಏಳು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 8ರಂದು 4-3ರ ಬಹುಮತದಿಂದ ಆ ನಿಲುವನ್ನು ತಳ್ಳಿಹಾಕಿತು. ಕಾಯ್ದೆಯ ಮೂಲಕ ಹುಟ್ಟಿದೆ ಅನ್ನುವುದೊಂದೇ ಸಾಲದು. ಯೋಚನೆ ಯಾರದು, ದುಡ್ಡು ಕೂಡಿಸಿದವರು ಯಾರು, ಓಡಾಡಿದವರು ಯಾರು ಅಂತ ನೋಡಬೇಕು ಅಂದಿತು. ಅಲಿಗಢದ ಸ್ಥಾನ ಏನು ಅನ್ನೋದನ್ನು ಮಾತ್ರ ಬೇರೆ ಪೀಠಕ್ಕೆ ಬಿಟ್ಟಿತು. ಸಂಸ್ಥೆ ನಡೆಸುವವರಿಗೆ ಇದರಿಂದ ಒಂದು ಪಾಠ ಇದೆ. ಹಳೆಯ ಠರಾವು ಪುಸ್ತಕ, ದೇಣಿಗೆ ರಸೀದಿ, ಜಾಗದ ಕಾಗದ ಇವನ್ನೆಲ್ಲ ಜೋಪಾನ ಮಾಡಿ. ನಾಳೆ ಕೋರ್ಟು ಕೇಳುವುದು ಅವನ್ನೇ.

ಸರ್ಕಾರಿ ಕಾಲೇಜು ಇರುವಾಗ ಇಂಥ ಕಾಲೇಜು ಯಾಕೆ ಬೇಕು?

ಈ ಪ್ರಶ್ನೆಯನ್ನು ಕೆಲವರು ಸಿಟ್ಟಿನಿಂದ ಕೇಳುತ್ತಾರೆ, ಕೆಲವರು ನಿಜವಾಗಿ ತಿಳಿಯಲು ಕೇಳುತ್ತಾರೆ. ಇಬ್ಬರಿಗೂ ಉತ್ತರ ಒಂದೇ.

ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರಲ್ಲಿ ವರದಿ ಕೊಟ್ಟಿತು. ಆಗ ಕೈಯಲ್ಲಿದ್ದದ್ದು 2001ರ ಜನಗಣತಿ. ದೇಶದ ಸಾಕ್ಷರತೆ ಶೇ. 64.8 ಇದ್ದಾಗ ಮುಸ್ಲಿಮರದ್ದು ಶೇ. 59.1. ಇದು ಓದು-ಬರಹದ ಮಾತು. ಪದವಿಯ ಹಂತಕ್ಕೆ ಬಂದರೆ ಅಂತರ ಇನ್ನೂ ದೊಡ್ಡದು. ಹೆಸರಾಂತ ಕಾಲೇಜುಗಳಲ್ಲಿ ಪದವಿ ಓದುವ 25 ಜನರಲ್ಲಿ ಒಬ್ಬರು, ಸ್ನಾತಕೋತ್ತರ ಓದುವ 50 ಜನರಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಅಂತ ಆ ವರದಿ ಹೇಳಿತು.

ಅಂಕಿ ಬಿಡಿ, ಮನೆಯೊಳಗೆ ನೋಡಿ. ಹಳೇ ಹುಬ್ಬಳ್ಳಿಯ ಒಂದು ಮನೆ ಅಂತಿಟ್ಟುಕೊಳ್ಳಿ. ಅಪ್ಪನಿಗೆ ಗ್ಯಾರೇಜಿನಲ್ಲಿ ಕೆಲಸ, ಅವ್ವ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಮಗಳು ಉರ್ದು ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಹೇಗೋ ಪಿಯುಸಿ ಪಾಸು ಮಾಡಿದ್ದಾಳೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಪ್ರವೇಶದ ಪೋರ್ಟಲ್ ಏನು, ಮೇಜರ್ ವಿಷಯ ಅಂದರೇನು, ಸ್ಕಾಲರ್‌ಶಿಪ್‌ಗೆ ಎಲ್ಲಿ ಅರ್ಜಿ ಹಾಕೋದು ಅಂತ ಹೇಳುವವರೂ ಇಲ್ಲ. ಅವಳನ್ನು ಮುಂದೆ ಓದಿಸಬೇಕೋ ಬೇಡವೋ ಅನ್ನುವುದು ಒಂದೇ ಮಾತಿನ ಮೇಲೆ ನಿಂತಿರುತ್ತದೆ: ಆ ಕಾಲೇಜಿನ ಮೇಲೆ ಮನೆಯವರಿಗೆ ನಂಬಿಕೆ ಇದೆಯಾ? ಪರಿಚಯದ ಹೆಸರು, ಪರಿಚಯದ ಉಪನ್ಯಾಸಕರು, ಓಣಿಯ ನಾಲ್ಕು ಹುಡುಗಿಯರು ಆಗಲೇ ಹೋಗುತ್ತಿರುವ ಕಾಲೇಜು ಅಂದರೆ ಅಪ್ಪ ಹೂಂ ಅನ್ನುತ್ತಾನೆ. ಇಲ್ಲದಿದ್ದರೆ ವರ ಹುಡುಕಲು ಶುರು ಮಾಡುತ್ತಾರೆ. ಈ ಹೂಂ ಅನ್ನುವ ಮಾತನ್ನು ಹುಟ್ಟಿಸುವುದೇ ಇಂಥ ಕಾಲೇಜಿನ ದೊಡ್ಡ ಕೆಲಸ ಅಂತ ನಾನು ನಂಬಿದ್ದೇನೆ. ಯಾವ ರ‍್ಯಾಂಕಿಂಗ್ ಪಟ್ಟಿಯಲ್ಲೂ ಅದಕ್ಕೆ ಅಂಕ ಇಲ್ಲ.

ಹಳ್ಳಿಯ ಹುಡುಗಿಯರ ವಿಷಯದಲ್ಲಿ ಬಸ್ಸಿನದೂ ದೊಡ್ಡ ಪಾತ್ರ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಖರ್ಚು ಇಲ್ಲ. ಶಿಗ್ಗಾವಿಯಿಂದ ಹುಬ್ಬಳ್ಳಿಗೆ, ಅಣ್ಣಿಗೇರಿಯಿಂದ ಗದಗಿಗೆ ದಿನಾ ಓಡಾಡುವುದು ಈಗ ದುಡ್ಡಿನ ಪ್ರಶ್ನೆ ಅಲ್ಲ. ಸಂಜೆ ಕೊನೆಯ ತರಗತಿ ಮುಗಿಯುವ ಹೊತ್ತಿಗೆ ಊರಿಗೆ ಬಸ್ ಇದೆಯಾ ಅನ್ನೋದು ಪ್ರಶ್ನೆ. ಬಸ್ ನೋಡಿಕೊಂಡು ಟೈಮ್‌ಟೇಬಲ್ ಮಾಡುವ ಪ್ರಿನ್ಸಿಪಾಲರು ಹತ್ತಾರು ಹುಡುಗಿಯರ ಪದವಿ ಉಳಿಸಬಲ್ಲರು.

ಈ ಕಾಲೇಜುಗಳ ದೊಡ್ಡ ಕಷ್ಟ ಏನು?

ಮೊದಲನೆಯದು ಬೋಧಕರು. ಅನುದಾನಿತ ಕಾಲೇಜಿನಲ್ಲಿ ಒಬ್ಬರು ನಿವೃತ್ತರಾದರೆ ಆ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು. ಅದು ಬರುವವರೆಗೆ ಮ್ಯಾನೇಜ್‌ಮೆಂಟ್ ತನ್ನ ಕೈಯಿಂದ ಸಂಬಳ ಕೊಟ್ಟು ತಾತ್ಕಾಲಿಕ ಉಪನ್ಯಾಸಕರನ್ನು ಇಟ್ಟುಕೊಳ್ಳಬೇಕು. ಸಂಬಳ ಕಡಿಮೆ, ಕೆಲಸ ಜಾಸ್ತಿ. ಒಳ್ಳೆಯವರು ನೆಟ್, ಕೆಸೆಟ್‌ನಂಥ ಉಪನ್ಯಾಸಕರ ಅರ್ಹತಾ ಪರೀಕ್ಷೆ ಪಾಸಾಗಿ ಬೇರೆ ಕಡೆ ಹೋಗುತ್ತಾರೆ. ವರ್ಷದ ನಡುವೆ ಮೇಷ್ಟ್ರು ಬದಲಾದರೆ ಪೆಟ್ಟು ಬೀಳುವುದು ಯಾರಿಗೆ? ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲದ ಹುಡುಗರಿಗೆ. ಇದು ಎಲ್ಲ ಅನುದಾನಿತ ಕಾಲೇಜುಗಳ ಕಥೆ. ಆದರೆ ದೊಡ್ಡ ಸೊಸೈಟಿಗಳು ಎಂಜಿನಿಯರಿಂಗ್, ಮೆಡಿಕಲ್ ಆದಾಯದಿಂದ ತೂಗಿಸುತ್ತವೆ. ಬರೀ ಬಿ.ಎ., ಬಿ.ಕಾಂ. ನಡೆಸುವ ಸಣ್ಣ ಸಂಸ್ಥೆಗೆ ಆ ದಾರಿ ಇಲ್ಲ.

ಎರಡನೆಯದು ಭಾಷೆ. ಉರ್ದು ಮಾಧ್ಯಮದ ಹುಡುಗಿ, ಕನ್ನಡ ಮಾಧ್ಯಮದ ನದಾಫರ ಹುಡುಗ, ಇಂಗ್ಲಿಷ್ ಕಾನ್ವೆಂಟಿನ ಹುಡುಗಿ ಮೂವರೂ ಒಂದೇ ಬಿ.ಕಾಂ. ತರಗತಿಯಲ್ಲಿ ಕೂರುತ್ತಾರೆ. ಪಾಠ ಇಂಗ್ಲಿಷಿನಲ್ಲಿ. ಮೊದಲ ಸೆಮಿಸ್ಟರಿನಲ್ಲಿ ಫೇಲಾಗುವವರು ದಡ್ಡರಾಗಿ ಫೇಲಾಗುವುದಿಲ್ಲ, ಪ್ರಶ್ನೆಪತ್ರಿಕೆ ಅರ್ಥವಾಗದೆ ಫೇಲಾಗುತ್ತಾರೆ. ಮೊದಲ ತಿಂಗಳಲ್ಲೇ ಕನ್ನಡ, ಉರ್ದು ಎರಡರಲ್ಲೂ ಅರ್ಥ ಹೇಳಿ, ಜೊತೆಗೆ ಇಂಗ್ಲಿಷ್ ಕಟ್ಟಿಕೊಡುವ ಬ್ರಿಡ್ಜ್ ತರಗತಿ ಬೇಕೇ ಬೇಕು. ಕನ್ನಡವನ್ನಂತೂ ಬಿಡಲೇಬಾರದು. ಈ ರಾಜ್ಯದಲ್ಲಿ ಪೊಲೀಸ್, ಕಂದಾಯ, ಶಿಕ್ಷಕರ ಹುದ್ದೆಗೆ ಪರೀಕ್ಷೆ ಬರೆಯುವವರಿಗೆ ಕನ್ನಡ ಬರಲೇಬೇಕು. ಉರ್ದು ಉಳಿಸಿಕೊಳ್ಳಲಿ, ಕನ್ನಡದಲ್ಲಿ ಗಟ್ಟಿಯಾಗಲಿ. ಎರಡಕ್ಕೂ ಜಗಳ ಇಲ್ಲ.

ಇನ್ನು ಗಂಡುಹುಡುಗರು. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಹುಡುಗಿಯರು ಹಟ ಹಿಡಿದು ಓದುತ್ತಿದ್ದಾರೆ, ಹುಡುಗರು ನಡುವೆ ಬಿಡುತ್ತಿದ್ದಾರೆ. ವೆಲ್ಡಿಂಗ್ ಶಾಪು, ಮೊಬೈಲ್ ಅಂಗಡಿ, ಡೆಲಿವರಿ, ಬ್ಯಾಡಗಿ ಮಾರ್ಕೆಟ್ಟಿನ ಸೀಸನ್ ಕೆಲಸ ಕೈಗೆ ದಿನದ ದುಡ್ಡು ಕೊಡುತ್ತವೆ. ಡಿಗ್ರಿ ಮುಗಿಸಿದ ಅಣ್ಣ ಮನೆಯಲ್ಲಿ ಖಾಲಿ ಕೂತದ್ದನ್ನು ನೋಡಿದ ತಮ್ಮನಿಗೆ ಓದಿನ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಬೆಳಗಿನ ಪಾಳಿಯ ತರಗತಿ, ಕೆಲಸಕ್ಕೆ ಹತ್ತಿರವಾದ ಕೋರ್ಸು, ಹಾಜರಿ ಕಡಿಮೆಯಾದ ಕೂಡಲೇ ಮನೆಗೆ ಒಂದು ಫೋನ್. ದೊಡ್ಡ ಯೋಜನೆಗಿಂತ ಇವು ಜಾಸ್ತಿ ಕೆಲಸ ಮಾಡುತ್ತವೆ.

ಕೊನೆಯದನ್ನು ಹೇಳಲು ನೋವಾಗುತ್ತದೆ, ಆದರೂ ಹೇಳಬೇಕು. ಸಂಸ್ಥೆಯ ಒಳಗಿನ ಜಗಳ. ಕಾಲೇಜು ಸಮುದಾಯದ ಹೆಮ್ಮೆ ಅಂದ ಮೇಲೆ ಕಮಿಟಿಯ ಕುರ್ಚಿಗೂ ಪೈಪೋಟಿ ಇರುತ್ತದೆ. ಚುನಾವಣೆ, ಕೋರ್ಟು, ಆಡಳಿತಾಧಿಕಾರಿ ನೇಮಕ ಅಂತ ವರ್ಷಗಳು ಕಳೆದರೆ ಲ್ಯಾಬಿಗೆ ಉಪಕರಣ ಬರುವುದಿಲ್ಲ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಮಾನ್ಯತೆಯ ಕಾಗದ ತಯಾರಾಗುವುದಿಲ್ಲ. ಒಳ್ಳೆಯ ನ್ಯಾಕ್ ಗ್ರೇಡ್ ಇಲ್ಲದೆ ಯುಜಿಸಿಯ ಎಷ್ಟೋ ನೆರವು ಸಿಗುವುದು ಕಷ್ಟ. ಹೊರಗಿನವರು ಕೊಡುವ ತೊಂದರೆ ಒಂದು ಕಡೆ, ಒಳಗಿನವರು ಮಾಡಿಕೊಳ್ಳುವ ನಷ್ಟ ಇನ್ನೊಂದು ಕಡೆ. ಕಮಿಟಿಯಲ್ಲಿ ಓದಿದವರು, ಅದರಲ್ಲೂ ಹೆಣ್ಣುಮಕ್ಕಳು ಎಷ್ಟಿದ್ದಾರೆ ಅಂತ ಸಮುದಾಯದವರೇ ಕೇಳಬೇಕು.

ಹಿಜಾಬ್ ವಿಷಯ ಏನಾಯಿತು? ಸಮವಸ್ತ್ರದ ನಿಯಮ ಹೇಗೆ?

ನಿಗದಿಯಾದ ಸಮವಸ್ತ್ರವನ್ನೇ ಧರಿಸಬೇಕು ಅನ್ನುವ ಸರ್ಕಾರದ ಆದೇಶವನ್ನು ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 15ರಂದು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದೇ ವರ್ಷದ ಅಕ್ಟೋಬರ್ 13ರಂದು ಬೇರೆ ಬೇರೆ ತೀರ್ಪು ಕೊಟ್ಟರು. ನಿಮ್ಮ ಮಗಳು ಸೇರುವ ಕಾಲೇಜಿನ ನಿಯಮ ಏನು ಅಂತ ಪ್ರವೇಶಕ್ಕೆ ಮೊದಲೇ ಕೇಳಿ, ಪ್ರಾಸ್ಪೆಕ್ಟಸ್‌ನಲ್ಲಿ ಓದಿ. ಆ ದಿನಗಳಲ್ಲಿ ಪರೀಕ್ಷೆ ತಪ್ಪಿಸಿಕೊಂಡ ಹುಡುಗಿಯರ ವರ್ಷ ಯಾರಿಂದಲೂ ವಾಪಸ್ ಕೊಡಲಾಗಲಿಲ್ಲ.

ಬೇರೆ ದೇಶಗಳಲ್ಲೂ ಇಂಥ ಕಾಲೇಜುಗಳಿವೆಯಾ?

ಇವೆ. ಅಮೆರಿಕದ್ದು ನಾವು ತಿಳಿಯಬೇಕಾದ ಕಥೆ. ಅಲ್ಲಿ ಕಪ್ಪು ಜನರಿಗೆ ಬಿಳಿಯರ ಕಾಲೇಜಿನ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರಿಗಾಗಿಯೇ ಕಾಲೇಜುಗಳು ಹುಟ್ಟಿದವು. ಅವುಗಳಲ್ಲಿ ಮೊದಲನೆಯದು ಅನ್ನಿಸಿಕೊಂಡ ಪೆನ್ಸಿಲ್ವೇನಿಯಾದ ಚೇನಿ ಶುರುವಾದದ್ದು 1837ರಲ್ಲಿ, ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದ ವರ್ಷವೇ. ಮಾರ್ಟಿನ್ ಲೂಥರ್ ಕಿಂಗ್ ಓದಿದ್ದು ಇಂಥ ಮೋರ್‌ಹೌಸ್ ಕಾಲೇಜಿನಲ್ಲಿ. ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಓದಿದ್ದು 1867ರಲ್ಲಿ ಸ್ಥಾಪನೆಯಾದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ. ಈಗ ಇಂಥವು ಸುಮಾರು 100 ಇವೆ. ಬೇರೆ ಜನಾಂಗದವರೂ ಅಲ್ಲಿ ಓದುತ್ತಾರೆ.

ಅಲ್ಲಿಗೂ ಇಲ್ಲಿಗೂ ಒಂದು ಮುಖ್ಯ ವ್ಯತ್ಯಾಸ ಇದೆ. ಕಪ್ಪು ಜನರ ಕಾಲೇಜು ಅನ್ನಿಸಿಕೊಳ್ಳಲು ಅಲ್ಲಿ ಇತಿಹಾಸ ನೋಡುತ್ತಾರೆ, 1964ಕ್ಕೆ ಮೊದಲು ಅದೇ ಉದ್ದೇಶಕ್ಕೆ ಹುಟ್ಟಿರಬೇಕು. ಹಿಸ್ಪಾನಿಕ್ ವಿದ್ಯಾರ್ಥಿಗಳಿಗೆ ನೆರವಾಗುವ ಕಾಲೇಜು ಅನ್ನಿಸಿಕೊಳ್ಳಲು ಮಾತ್ರ ತಲೆ ಎಣಿಸುತ್ತಾರೆ, ಪದವಿ ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇ. 25 ಅವರಿರಬೇಕು. ಯಾರು ಕಟ್ಟಿದರು ಅನ್ನುವುದಕ್ಕಿಂತ ಯಾರಿಗೆ ಕಲಿಸುತ್ತಿದ್ದೀರಿ ಅನ್ನುವ ಪ್ರಶ್ನೆ ಅದು. ಆ ಪ್ರಶ್ನೆಯನ್ನು ನಮ್ಮ ಸಂಸ್ಥೆಗಳೂ ತಮಗೆ ತಾವೇ ಕೇಳಿಕೊಂಡರೆ ಒಳ್ಳೆಯದು.

ಯಾವ ಸ್ಕಾಲರ್‌ಶಿಪ್ ಸಿಗುತ್ತೆ?

ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ವೃತ್ತಿಪರ ಕೋರ್ಸಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಇದೆ. ಅದು ಸಾಲ, ತೀರಿಸಬೇಕು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ, ಹುಡುಗಿಯರಿಗೆ ಬೇರೆ, ಹುಡುಗರಿಗೆ ಬೇರೆ. ಪಿಎಚ್‌ಡಿ ಮಾಡುವವರಿಗಿದ್ದ ಕೇಂದ್ರದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ಹೊಸಬರಿಗೆ ಇಲ್ಲ. ಸಂಶೋಧನೆಯ ಕನಸಿದ್ದ ಎಷ್ಟೋ ಬಡ ಮಕ್ಕಳಿಗೆ ಅದು ದೊಡ್ಡ ಹೊಡೆತ. ಈ ನಿರ್ಧಾರವನ್ನು ಬದಲಿಸಬೇಕು ಅಂತ ನನ್ನ ಮನಸ್ಸು ಹೇಳುತ್ತದೆ.

ಗದಗಿನವರು ಒಂದು ಮಾತು ಗಮನಿಸಿ. ಪಕ್ಕದ ಕೊಪ್ಪಳಕ್ಕೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಕೊಟ್ಟ 371(ಜೆ) ಮೀಸಲಾತಿ ಇದೆ, ಗದಗಿಗೆ ಇಲ್ಲ. ಧಾರವಾಡ, ಹಾವೇರಿಗೂ ಇಲ್ಲ. ಅರ್ಜಿಯಲ್ಲಿ ಆ ಕಾಲಂ ತುಂಬಿದರೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ.

ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಮನೆತನದ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ರಜೆಯಲ್ಲೇ ಇವನ್ನು ಸರಿ ಮಾಡಿಸಿ ಇಟ್ಟುಕೊಳ್ಳಿ.

ಇಲ್ಲಿ ಓದಿದರೆ ನೌಕರಿಗೆ ತೊಂದರೆ ಆಗುತ್ತಾ?

ಇಲ್ಲ. ಪದವಿ ಕೊಡುವುದು ವಿಶ್ವವಿದ್ಯಾಲಯ. ಸರ್ಟಿಫಿಕೇಟ್ ಎಲ್ಲರಿಗೂ ಒಂದೇ.

ಕಾಲೇಜು ನೋಡೋಕೆ ಹೋದಾಗ ಏನೇನು ಕೇಳಬೇಕು?

ಕಟ್ಟಡ ನೋಡಿ ಮರುಳಾಗಬೇಡಿ. ನಿಮ್ಮ ವಿಷಯಕ್ಕೆ ಕಾಯಂ ಉಪನ್ಯಾಸಕರು ಎಷ್ಟು ಜನ, ಹೋದ ವರ್ಷ ಯಾವುದಾದರೂ ಪೇಪರಿಗೆ ಮೇಷ್ಟ್ರು ಇರಲಿಲ್ಲವಾ ಅಂತ ಕೇಳಿ. ಮೊದಲ ವರ್ಷ ಸೇರಿದವರಲ್ಲಿ ಎಷ್ಟು ಜನ ಕೊನೆಯ ವರ್ಷ ಪರೀಕ್ಷೆಗೆ ಕೂತರು ಅಂತ ಕೇಳಿ. ರಿಸಲ್ಟ್ ಶೇಕಡಾವಾರು ಎಲ್ಲರೂ ಹೇಳುತ್ತಾರೆ, ನಡುವೆ ಬಿಟ್ಟುಹೋದವರ ಲೆಕ್ಕ ಯಾರೂ ತಾವಾಗಿ ಹೇಳುವುದಿಲ್ಲ. ಲೈಬ್ರರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಹುಡುಗಿಯರ ಶೌಚಾಲಯಕ್ಕೆ ನೀರಿದೆಯಾ, ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿಯಲ್ಲಿ ಯಾರಿದ್ದಾರೆ ಅನ್ನೋದನ್ನೂ ಬಿಡಬೇಡಿ. ಆಮೇಲೆ ಗೇಟಿನ ಹೊರಗೆ ಬಂದು ಎರಡನೇ ವರ್ಷದ ಇಬ್ಬರು ಹುಡುಗಿಯರನ್ನು ಮಾತಾಡಿಸಿ, ಒಬ್ಬಳು ಆ ಸಮುದಾಯದವಳು, ಇನ್ನೊಬ್ಬಳು ಹೊರಗಿನವಳು. ಇಬ್ಬರೂ ಒಂದೇ ಥರ ಹೇಳಿದರೆ ಫೀ ಕಟ್ಟಿ, ರಸೀದಿ ಇಸ್ಕೊಳ್ಳಿ.